ಉತ್ತಪ್ಪನವರ ರೀಲಿಗೆ ಹಚ್ಚಿದ ಅಂಟು

ಕೇದಾರನಾಥ ಹಿರೇಮಠರು ಹುಟ್ಟಿದ್ದು ಜಂಗಮರ ಮನೆಯಲ್ಲಿ. ಮೀನಿನ ವಾಸನೆ ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವ ಜಾಯಮಾನ. ಅಂಥವರು ನಾಗಪುರದ ಪ್ರತಾಪ ನಗರದ ಮನೆಯಲ್ಲಿ ಕೂಡಿಹಾಕಿದ್ದು ಹನ್ನೊಂದು ಗಾಳದ ರೀಲು, ಅದೂ ಎಲ್ಲ ಹಳೇ ಕಾಲದವು.

ಶುರುವಾದದ್ದು ತಪ್ಪು ತಿಳಿವಳಿಕೆಯಿಂದ. ಆರ್ಡ್‌ನನ್ಸ್ ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದ ಹೊಸತರಲ್ಲಿ, ಸೀತಾಬರ್ಡಿಯ ಫುಟ್‌ಪಾತಿನ ಮೇಲೆ ಒಂದು ಹಿತ್ತಾಳೆಯ ಗಾಲಿ ಕಂಡಿತು. ಹೊಲಿಗೆ ಯಂತ್ರದ್ದಿರಬೇಕೆಂದು ಮನೆಗೆ ತಂದು ಬಿಚ್ಚಿದರು. ಅದು ಮೀನು ಹಿಡಿಯುವುದು ಎಂದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಒಂದೇ ಸರಳಿನ ಮೇಲೆ ಎಡಕ್ಕೂ ಬಲಕ್ಕೂ ಕೊರೆದ ಸ್ಕ್ರೂ ಥ್ರೆಡ್ಡು, ಅದರ ಮೇಲೆ ಅತ್ತಿಂದಿತ್ತ ಓಡಾಡುತ್ತ ದಾರವನ್ನು ಸಮನಾಗಿ ಸುತ್ತಿಸುವ ಪುಟ್ಟ ಗಾಡಿ! ಹಿಡಿಕೆಯನ್ನು ಒಂದೇ ದಿಕ್ಕಿಗೆ ತಿರುಗಿಸಿದರೂ ಗಾಡಿ ತುದಿ ಮುಟ್ಟಿ ತಾನಾಗಿ ವಾಪಸು ಬರುತ್ತಿತ್ತು. ಆ ಗಾಳಕ್ಕೆ ಸಿಕ್ಕ ಮೊದಲ ಮೀನು ತಾವೇ ಎಂದು ಹಿರೇಮಠರು ಆಮೇಲೆ ಹೇಳಿಕೊಂಡು ನಗುತ್ತಿದ್ದರು.

ಹೆಂಡತಿ ದಾಕ್ಷಾಯಿಣಿ ನಗುತ್ತಿರಲಿಲ್ಲ. "ಮೀನ ತಿನ್ನೋರ ಮನ್ಯಾಗೂ ಇಷ್ಟ್ ಇರಾಂಗಿಲ್ಲರಿ. ಬೀಗರು ಬಂದ್ರ ಏನಂತ ಹೇಳ್ಲಿ?"

"ಮಷೀನ್ ಅಂತ ಹೇಳು."

"ಯಾತರ ಮಷೀನ್ ಅಂತ ಕೇಳಿದ್ರ?"

ಹಿರೇಮಠರು ಎಣ್ಣೆಯ ಡಬ್ಬಿ ಹುಡುಕಲು ಎದ್ದರು.

ಹೋದ ಚಳಿಗಾಲದಲ್ಲಿ ಉತ್ತಪ್ಪನವರು ಒಂದು ರೀಲು ಹಿಡಿದುಕೊಂಡು ಬಂದರು. ಕೊಡಗಿನವರು, ರೈಲ್ವೆಯಲ್ಲಿದ್ದು ನಾಗಪುರದಲ್ಲೇ ನೆಲೆ ನಿಂತವರು. ಕನ್ನಡ ಸಂಘದಲ್ಲಿ ಪರಿಚಯ. ರೀಲು ಅವರ ತಂದೆಯದು, ಸ್ವೀಡನ್ನಿನಲ್ಲಿ ತಯಾರಾದದ್ದು, ಕಾವೇರಿಯ ದೊಡ್ಡ ದೊಡ್ಡ ಮೀನುಗಳನ್ನು ಎಳೆದು ತಂದದ್ದು. ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲಿ ಬಿದ್ದು ಹಿಡಿಕೆ ಜಾಮ್ ಆಗಿತ್ತು.

"ಸರಿಯಾಗತ್ತಾ ಹಿರೇಮಠರೇ?"

"ನಾಕ ದಿನ ಬಿಟ್ಟು ಬರ್ರಿ," ಎಂದರು ಹಿರೇಮಠರು, ಆಪರೇಷನ್ನಿಗೆ ಮುಂಚೆ ಡಾಕ್ಟರು ಮಾತಾಡುವ ಧಾಟಿಯಲ್ಲಿ.

ಬಿಚ್ಚಿದರು, ಕಲ್ಲಾಗಿದ್ದ ಗ್ರೀಸು ಕೆರೆದರು, ಸೀಮೆಎಣ್ಣೆಯಲ್ಲಿ ತೊಳೆದರು. ಎಂಥ ಕೆಲಸ ಮಾಡಿದ್ದಾರೆ ಪುಣ್ಯಾತ್ಮರು ಎಂದು ಒಬ್ಬರೇ ತಲೆದೂಗಿದರು. ಕೊನೆಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗಿನಿಂದ ಟಿಕ್ ಟಿಕ್ ಎಂದಿತು.

ಮತ್ತೆ ಬಿಚ್ಚಿ ನೋಡಿದರು. ದಾರ ಸುತ್ತುವ ಉರುಳೆಯ ಬದಿಗೆ ಎರಡು ಸಣ್ಣ ಕಡ್ಡಿಗಳು, ಅವುಗಳಿಗೆ ಪೋಣಿಸಿದಂತೆ ಮೆಣಸಿನ ಕಾಳಿನ ಗಾತ್ರದ ಎರಡು ಫೈಬರ್ ತುಣುಕುಗಳು. ಎರಡೂ ಸಡಿಲವಾಗಿ ಹಿಂದೆ ಮುಂದೆ ಜಾರುತ್ತಿದ್ದವು. ಸಡಿಲ! ಫ್ಯಾಕ್ಟರಿಯಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಮಾಲು ವಾಪಸು ಕಳಿಸಿದವರು ಹಿರೇಮಠರು. ಸ್ವೀಡನ್ನಿನವರೂ ಮನುಷ್ಯರೇ, ಅವರಿಗೂ ಸೋಮವಾರ ಬೆಳಗಿನ ತೂಕಡಿಕೆ ಇರುತ್ತದೆ ಎಂದು ಕನಿಕರಪಟ್ಟು, ಎರಡೂ ಕಾಳುಗಳನ್ನು ಕಡ್ಡಿಯ ಬುಡಕ್ಕೆ ಒತ್ತಿ ಅಂಟು ಹಚ್ಚಿದರು. ಟಿಕ್ ಟಿಕ್ ನಿಂತಿತು. ಕಂಪನಿಯ ತಪ್ಪನ್ನು ತಿದ್ದಿದ ಸಮಾಧಾನದಲ್ಲಿ ಆ ದಿನ ಎರಡು ರೊಟ್ಟಿ ಹೆಚ್ಚು ತಿಂದರು.

ಉತ್ತಪ್ಪನವರು ಬಂದು ಹಿಡಿಕೆ ತಿರುಗಿಸಿ ನೋಡಿದರು. ಬೆಣ್ಣೆಯಂತೆ ತಿರುಗಿತು. ಅವರ ಕಣ್ಣು ತುಂಬಿ ಬಂತು. "ಭಾನುವಾರ ಸಾವನೇರ್ ಕಡೆ ಹೋಗೋಣ. ಪರಿಚಯದವರ ಹೊಲದಲ್ಲಿ ಕೃಷಿಹೊಂಡ ಇದೆ. ನಿಮಗೋಸ್ಕರ ಕೊಕ್ಕೆ ಕಟ್ಟಲ್ಲ, ಬರೀ ಸೀಸದ ಗುಂಡು. ಎಸೆದು ನೋಡೋಣ, ಅಷ್ಟೇ."

ದಾಕ್ಷಾಯಿಣಿ ಮಡಿಕೆಕಾಳಿನ ಪಲ್ಯ, ರೊಟ್ಟಿ ಕಟ್ಟಿಕೊಟ್ಟು, "ಹೊಂಡಕ್ಕ ಮಾತ್ರ ಬೀಳಬ್ಯಾಡ್ರಿ," ಎಂದಳು.

ಹೊಂಡದ ದಂಡೆಯಲ್ಲಿ ಉತ್ತಪ್ಪನವರು ಹತ್ತು ವರ್ಷ ಚಿಕ್ಕವರಾದಂತೆ ನಿಂತರು. ರೀಲು ಸಿಕ್ಕಿಸಿದ ಗಾಳದ ಕೋಲನ್ನು ಹಿಂದಕ್ಕೆ ಒಯ್ದು ಬೀಸಿದರು. ಗುಂಡು ಹಾರಿತು. ನಾಲ್ಕು ಮಾರು ಹೋಗುವಷ್ಟರಲ್ಲಿ ರೀಲಿನೊಳಗೆ ಬರ್ರೆಂದು ಸದ್ದಾಗಿ ದಾರವೆಲ್ಲ ಗುಬ್ಬಿಗೂಡಿನಂತೆ ಉಬ್ಬಿ ಗೋಜಲಾಯಿತು. ಗುಂಡು ನಿಧಾನವಾದರೂ ಉರುಳೆ ಮಾತ್ರ ಹುಚ್ಚು ಹಿಡಿದಂತೆ ತಿರುಗುತ್ತಲೇ ಇತ್ತು.

ಬಿಡಿಸಿಕೊಂಡು ಮತ್ತೆ ಎಸೆದರು, ಮತ್ತೆ ಗೂಡು. ನಾಲ್ಕನೆಯ ಸಲಕ್ಕೆ ಉತ್ತಪ್ಪನವರು ಬದುವಿನ ಮೇಲೆ ಕುಳಿತು ತಮ್ಮ ಬಲಗೈ ಹೆಬ್ಬೆಟ್ಟನ್ನೇ ನೋಡಿಕೊಂಡರು.

"ಉರುಳೆ ಓಡದ ಹಾಗೆ ಹೆಬ್ಬೆಟ್ಟಲ್ಲಿ ಒಂಚೂರು ಅದುಮಬೇಕು. ಅಪ್ಪ ಕಲಿಸಿದ್ದು. ಈಗ ಕೈ ಮರೆತುಬಿಟ್ಟಿದೆ ಹಿರೇಮಠರೇ. ವಯಸ್ಸಾಯ್ತು."

ಹಿರೇಮಠರು ಬೇವಿನ ನೆರಳಿನಲ್ಲಿ ಕುಳಿತು ಗೋಜಲು ಬಿಡಿಸುತ್ತಿದ್ದರು. ಉರುಳೆಯನ್ನು ಬೆರಳಲ್ಲಿ ಗರಗರ ತಿರುಗಿಸಿದರು. ಅದು ನಿಲ್ಲುತ್ತಲೇ ಇಲ್ಲ. ಜೋರಾಗಿ ತಿರುಗುವಾಗ ಇದನ್ನು ತಡೆಯುವವರು ಯಾರು ಎಂದು ಯೋಚಿಸುತ್ತ ಅದನ್ನು ಹೊರತೆಗೆದಾಗ ಅಂಟು ಹಚ್ಚಿದ ಕಾಳುಗಳ ಮೇಲೆ ಕಣ್ಣು ಬಿತ್ತು. ರೀಲಿನ ಒಳಬದಿಯಲ್ಲಿ ಅವುಗಳನ್ನು ಸುತ್ತುವರಿಯುವ ನುಣುಪಾದ ಹಿತ್ತಾಳೆಯ ಬಳೆಯೂ ಕಂಡಿತು.

ಅವರ ಕಿವಿ ಬಿಸಿಯಾಯಿತು. ಉರುಳೆ ಜೋರಾಗಿ ತಿರುಗಿದರೆ ಕಾಳುಗಳು ಹೊರಕ್ಕೆ ಜಾರಿ ಬಳೆಗೆ ಉಜ್ಜಬೇಕು, ವೇಗ ತಗ್ಗಬೇಕು. ನಿಧಾನವಾದರೆ ತಾವೇ ಒಳಕ್ಕೆ ಸರಿಯಬೇಕು. ಅದು ಬ್ರೇಕು! ಸಡಿಲವಿದ್ದದ್ದೇ ಅದರ ಜಾಣತನ. ಇಂಜಿನ್ನಿನ ವೇಗವನ್ನು ಹಿಡಿತದಲ್ಲಿಡುವ ಗವರ್ನರಿನಲ್ಲಿ ಗುಂಡುಗಳು ಹೊರಕ್ಕೆ ಹಾರುವುದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಅಪ್ರೆಂಟಿಸ್ ಹುಡುಗರಿಗೆ ಹನ್ನೆರಡು ವರ್ಷ ಪಾಠ ಹೇಳಿದವರು ಇದೇ ಹಿರೇಮಠ ಮಾಸ್ತರರು. ತಿಳಿಯದವನನ್ನು ನಿಲ್ಲಿಸಿ ಬೈದದ್ದೂ ಉಂಟು.

ಹೇಳಿಬಿಡಬೇಕು ಎಂದುಕೊಂಡು ಬಾಯಿ ತೆರೆದರೆ ಹೊರಬಂದದ್ದು ಬೇರೆ ಮಾತು. "ಎಣ್ಣಿ ಸ್ವಲ್ಪ ಕಮ್ಮಿ ಆಗೇತಿ ಕಾಣಸ್ತೈತ್ರಿ. ಮನಿಗೆ ಒಯ್ದು ನೋಡ್ತೀನಿ."

"ಬೇಡ ಬಿಡಿ," ಎಂದರು ಉತ್ತಪ್ಪ. "ರೀಲು ಚೆನ್ನಾಗೇ ಇದೆ, ಕೆಟ್ಟಿರೋದು ನಾನು. ಇನ್ನು ನಾನಿದನ್ನ ಮುಟ್ಟಲ್ಲ. ನೀವೇ ಇಟ್ಕೊಳ್ಳಿ. ನಿಮ್ಮಷ್ಟು ಪ್ರೀತಿಯಿಂದ ಇದನ್ನ ನೋಡೋರು ಇನ್ಯಾರಿದಾರೆ?"

ಹನ್ನೆರಡನೆಯ ರೀಲು! ಇಂಥದ್ದೊಂದಕ್ಕಾಗಿ ಹಿರೇಮಠರು ಆರು ವರ್ಷ ಸೀತಾಬರ್ಡಿಯ ಫುಟ್‌ಪಾತು ಸವೆಸಿದ್ದರು. ಈಗ ಅದು ತಾನಾಗಿ ಕೈಗೆ ಬರುತ್ತಿತ್ತು, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅರ್ಧ ನಿಮಿಷ ಅವರು ಮುಚ್ಚಿಕೊಂಡೂ ಇದ್ದರು. ಆಮೇಲೆ ಉತ್ತಪ್ಪನವರು ಮತ್ತೆ ಹೆಬ್ಬೆಟ್ಟು ನೋಡಿಕೊಳ್ಳುವುದು ಕಂಡಿತು.

"ಉತ್ತಪ್ಪನವರ, ನಿಮ್ಮ ಹೆಬ್ಬೆಟ್ಟು ಬರೋಬರ್ ಐತಿ. ತಪ್ಪು ನಂದು. ನಾನು ಒಳಗ ಅಂಟು ಹಚ್ಚೀನ್ರಿ."

"ಏನು ಹಚ್ಚಿದೀರಿ?"

"ಅಂಟು. ಬ್ರೇಕಿಗೆ. ಸಡಿಲ್ ಐತಿ ಅಂತ."

ಉತ್ತಪ್ಪನವರು ಎದ್ದು ನಿಂತರು. "ನಮ್ಮಪ್ಪನ ರೀಲಿಗೆ?"

"ಹೂಂನ್ರಿ. ಕಂಪನಿಯವ್ರು ತಪ್ಪು ಮಾಡ್ಯಾರ ಅಂದ್ಕೊಂಡೆ."

ದಂಡೆಯ ಮೇಲೆ ಉತ್ತಪ್ಪನವರು ಎರಡು ಸಲ ಹೋಗಿ ಬಂದರು. ಹಿಂದಿಯಲ್ಲಿ ಒಂದು, ಕೊಡವ ಭಾಷೆಯಲ್ಲಿ ಎರಡು ಬೈಗುಳ ಬಂದವು. ಹಿರೇಮಠರಿಗೆ ಅರ್ಥವಾದದ್ದು ಒಂದೇ, ಅದೇ ಸಾಕಾಯಿತು. ವಾಪಸು ಬರುವಾಗ ಕಾರಿನಲ್ಲಿ ರೀಲು ಹಿರೇಮಠರ ಮಡಿಲಲ್ಲಿತ್ತು. ರೊಟ್ಟಿಯ ಗಂಟು ಬಿಚ್ಚಲೇ ಇಲ್ಲ.

ಮಗಳು ನೇತ್ರಾಳ ಉಗುರುಬಣ್ಣ ಅಳಿಸುವ ದ್ರಾವಣದಿಂದ ಅಂಟು ಬಿಟ್ಟಿತು. ಒಂದು ಕಾಳು ಮಾತ್ರ ಎರಡು ಹೋಳಾಯಿತು. ಹಳೇ ಸ್ವಿಚ್‌ಬೋರ್ಡಿನ ಫೈಬರ್ ಹಾಳೆಯಿಂದ ಹೊಸ ಕಾಳು ತಿದ್ದಲು ಹಿರೇಮಠರಿಗೆ ಮೂರು ದಿನ ಹಿಡಿಯಿತು. ತೂಕದಲ್ಲಿ ಎರಡೂ ಸಮ ಇರಬೇಕಲ್ಲ.

"ಬಾಬಾ, ಹೇ ಕಾಯ್ ಚಾಲ್ಲಂಯ್?" ಎಂದು ಮರಾಠಿಯಲ್ಲಿ ಕೇಳಿದಳು ನೇತ್ರಾ, ಅಪ್ಪಾ ಇದೇನು ನಡೆಸಿದ್ದೀರಿ ಎಂದು.

"ಪ್ರಾಯಶ್ಚಿತ್ತ," ಎಂದರು.

ಮುಂದಿನ ಭಾನುವಾರ ಉತ್ತಪ್ಪನವರು ಬಂದು, ರೀಲನ್ನು ತಿರುಗಿಸಿಯೂ ನೋಡದೆ ಹಿರೇಮಠರನ್ನು ಕಾರು ಹತ್ತಿಸಿಕೊಂಡರು. ಹೊಂಡದ ಹತ್ತಿರ ಕೋಲು ಬೀಸಿದರು. ಗುಂಡು ಹೋಯಿತು, ಹೋಯಿತು, ಆಚೆ ದಂಡೆಯ ಹತ್ತಿರ ಗುಳುಂ ಎಂದಿತು. ದಾರ ಒಂದು ಎಳೆಯೂ ಉಬ್ಬಲಿಲ್ಲ. ಉತ್ತಪ್ಪನವರು ತಿರುಗಿ ನೋಡಿ, ಆ ವಾರದಲ್ಲಿ ಮೊದಲ ಸಲ ಹಲ್ಲು ತೋರಿಸಿದರು.

"ಹಿಡೀರಿ, ನೀವೂ ಒಂದ್ಸಲ ಎಸೀರಿ."

"ನಾನಾ? ನನಗೆಲ್ಲಿ ಬರ್ತೈತ್ರಿ?"

"ಹನ್ನೊಂದು ರೀಲು ಇಟ್ಕೊಂಡಿದೀರಲ್ರೀ!"

ಹಿರೇಮಠರು ಕಾಲಗಲಿಸಿ ನಿಂತು, ಉಸಿರು ಬಿಗಿಹಿಡಿದು, ಶಿವನನ್ನು ನೆನೆದು ಬೀಸಿದರು. ಗುಂಡು ಮುಂದಕ್ಕೆ ಹೋಗಲಿಲ್ಲ, ಹಿಂದಿನ ಬೇವಿನ ಕೊಂಬೆಗೆ ಸುತ್ತಿಕೊಂಡಿತು. ಅರವತ್ತಾರರ ವಯಸ್ಸಿನಲ್ಲಿ ಚಪ್ಪಲಿ ಬಿಟ್ಟು ಮರ ಹತ್ತಲು ಹೊರಟ ಅವರ ಕಾಲನ್ನು ಉತ್ತಪ್ಪನವರು ಕೆಳಗಿನಿಂದ ಎತ್ತಿ ಹಿಡಿದಿದ್ದರು. ಇಬ್ಬರಿಗೂ ನಗು ತಡೆಯಲಾಗದೆ ಕೊಂಬೆ ಕೈಗೆ ಸಿಗುತ್ತಲೇ ಇರಲಿಲ್ಲ.