ಓರೆತೊಲೆ ಇಲ್ಲದ ಗೋಡೆ

ಚಳಿಗಾಲವಿಡೀ ಊಟದ ಮೇಜಿನ ಮೇಲೆ ಮನೆ ಏಳುತ್ತಿತ್ತು. ಒಂದು ಅಡಿಗೆ ಒಂದು ಅಂಗುಲದ ಲೆಕ್ಕ. ಆಲ್ವಿನ್ ರಾಟ್ಕೆ ಓಕ್ ಮರದ ಕಡ್ಡಿಗಳನ್ನು ಕೆತ್ತಿ, ಒಂದರ ತೂತಿಗೆ ಇನ್ನೊಂದರ ಮೂತಿ ಕೂರಿಸುತ್ತಿದ್ದ. ಅವನ ಮುತ್ತಜ್ಜ ಪೊಮೆರೇನಿಯಾದಿಂದ ಹಡಗು ಹತ್ತಿ ವಿಸ್ಕಾನ್ಸಿನ್‌ಗೆ ಬಂದು ಕಟ್ಟಿದ ಹೊಲಮನೆ ಅದು: ತೊಲೆಗಳ ಚೌಕಟ್ಟು, ಅದು ವಾಲದಂತೆ ಮೂಲೆಗಳಲ್ಲಿ ಓರೆಯಾಗಿ ಕೊಟ್ಟ ಓರೆತೊಲೆಗಳು, ನಡುವೆ ಹುಲ್ಲು ಬೆರೆಸಿದ ಮಣ್ಣು. ನಿಜವಾದ ಮನೆ ಹೋದ ಬೇಸಿಗೆಯಲ್ಲಿ ಸಿಡಿಲಿಗೆ ಸುಟ್ಟುಹೋಗಿತ್ತು. ಅವನೂ ಹೆಂಡತಿ ಎರ್ನಾಳೂ ಅಂಗಳದಾಚೆಯ ಹೊಸ ಮನೆಗೆ ಬಂದು ಬಹಳ ವರ್ಷವಾಗಿದ್ದರೂ, ಆ ಕಡೆಯ ಕಿಟಕಿಯ ಪರದೆಯನ್ನು ಎರ್ನಾ ಈಗ ಎಳೆದೇ ಇಡುತ್ತಿದ್ದಳು.

ಮೇಜನ್ನು ಅವಳು ದಿನವೂ ಕಣ್ಣಂಚಿನಲ್ಲಿ ಗಮನಿಸುತ್ತಿದ್ದಳು. ಅಡುಗೆಮನೆ ಬಂತು, ಹೊಗೆಗೂಡು ಬಂತು, ಅಟ್ಟ ಬಂತು. ಅಡುಗೆಮನೆಯ ಬೆನ್ನಿಗೆ ಮಾವ ಜೋಡಿಸಿದ್ದ ಇಳಿಮಾಡಿನ ಕೋಣೆ ಮಾತ್ರ ಬರಲಿಲ್ಲ. ಗಂಡ ಹೆಂಡತಿಯ ಮಗಳು ಮಾರ್ಲಿಸ್ ಮಲಗುತ್ತಿದ್ದುದು ಆ ಕೋಣೆಯಲ್ಲಿ. ಐದು ತುಂಬುವ ಮೊದಲೇ ಜ್ವರ ಬಂದು ತೀರಿಹೋದದ್ದೂ ಅಲ್ಲಿಯೇ. ಹೂತು ಬಂದ ದಿನದಿಂದ ಆಲ್ವಿನ್ ಆ ಹೆಸರನ್ನು ಬಾಯಿಗೆ ತಂದವನಲ್ಲ. ಅವರ ಜನರ ರೂಢಿಯೇ ಹಾಗೆ. ಸತ್ತ ಮಗುವಿನ ಮಾತನ್ನು ಗೋರಿಯ ಕಲ್ಲಿಗೆ ಬಿಟ್ಟು ಹಾಲು ಕರೆಯಲು ಹೋಗಬೇಕು. ಎರ್ನಾಳೂ ಹೋಗಿದ್ದಳು. ಈಗ ಮನೆಯೇ ಇಲ್ಲ. ಈ ಮಾದರಿಯಲ್ಲೂ ಕೋಣೆ ಇಲ್ಲದಿದ್ದರೆ ಮಗಳು ಬದುಕಿದ್ದಳು ಎನ್ನುವುದಕ್ಕೆ ಜಾಗವೇ ಉಳಿಯುವುದಿಲ್ಲ ಎಂಬ ಭಯ ಅವಳನ್ನು ಹಿಡಿದಿತ್ತು.

ಕೊನೆಗೊಂದು ದಿನ ಕೇಳಿಯೇಬಿಟ್ಟಳು. “ಹಿಂದಿನ ಕೋಣೆ ಮಾಡಲ್ವಾ?”

“ಮೊದಲು ಕಟ್ಟಿದಾಗ ಹೇಗಿತ್ತೋ ಹಾಗೇ ಬೇಕಂತೆ ಇತಿಹಾಸ ಸಂಘದವರಿಗೆ,” ಎಂದ ಆಲ್ವಿನ್, ತಲೆ ಎತ್ತದೆ. “ಆಗ ಆ ಕೋಣೆ ಇರಲಿಲ್ಲ.”

ಮರೆತಿದ್ದಾನೆ ಎಂದುಕೊಂಡಳು. ಮತ್ತೆ ಕೇಳಲಿಲ್ಲ.

ಶನಿವಾರ ನಾರ್ಬರ್ಟ್ ಬಂದ. ಆಲ್ವಿನ್‌ನ ಚಿಕ್ಕಪ್ಪನ ಮಗ. ಊರಿನ ಇತಿಹಾಸ ಸಂಘದ ಪರವಾಗಿ ಮಾದರಿಯನ್ನು ನೋಡಿಹೋಗಲು ಬಂದಿದ್ದ.

“ಅತ್ತಿಗೆ, ಇಂಥ ಕಾಫಿ ಕೊಟ್ರೆ ದಿನಾ ಬಂದು ತಪ್ಪು ಹುಡುಕ್ತೀನಿ ನೋಡಿ.”

“ತಪ್ಪು ಇಲ್ದಿದ್ರೂ ಬರೋನೇ ತಾನೆ ನೀನು,” ಎಂದು ಎರ್ನಾ ಅವನ ತಟ್ಟೆಗೆ ಇನ್ನೊಂದು ತುಂಡು ಸೇಬಿನ ಕೇಕ್ ಹಾಕಿದಳು.

ಅವನು ತಿನ್ನುತ್ತಲೇ ಬಗ್ಗಿ ನೋಡಿದ. “ಏನೋ ಇದು, ಅಡುಗೆಮನೆ ಹಿಂದಿನ ಗೋಡೆಗೆ ಓರೆತೊಲೆ ಎಲ್ಲೋ? ಮಿಕ್ಕ ಮೂಲೆಗೆಲ್ಲ ಇದೆ. ಮುತ್ತಜ್ಜ ಬಿಯರ್ ಕುಡ್ಕೊಂಡು ಕಟ್ಟಿದ್ನಾ? ಗಾಳಿ ಬಂದ್ರೆ ಗೋಡೆ ವಾಲುತ್ತೆ ಕಣೋ.”

ಆಲ್ವಿನ್ ಗೋಡೆಯನ್ನು ಆಗಷ್ಟೇ ಕಂಡವನಂತೆ ನೋಡಿದ. ಎರಡು ಕಂಬಗಳ ನಡುವೆ ಮಣ್ಣು ತುಂಬದ, ತೊಲೆ ಇಲ್ಲದ ಸಂದಿ ಹಾಗೆಯೇ ಇತ್ತು.

“ಅಲ್ಲಿ ಬಾಗಿಲಿತ್ತು,” ಎಂದ.

“ಅದು ನಿಮ್ಮಪ್ಪ ಹಿಂದಿನ ಕೋಣೆಗೆ ಅಂತ ತೊಲೆ ಕೊಯ್ದು ಇಟ್ಟ ಬಾಗಿಲು. ಅದಕ್ಕೇ ಅಡುಗೆಮನೆ ಕೊನೇವರೆಗೂ ವಾಲ್ಕೊಂಡೇ ನಿಂತಿತ್ತು. ಮುತ್ತಜ್ಜನ ಕಾಲಕ್ಕೆ ಅಲ್ಲಿ ಬರೀ ಗೋಡೆ. ಸರಿ ಮಾಡ್ಬಿಡು, ನಾಳೆ ಪ್ರದರ್ಶನಕ್ಕೆ ಚರ್ಚಿಗೆ ಒಯ್ಯಬೇಕು.”

ನಾರ್ಬರ್ಟ್ ಹೋದ ಮೇಲೆ ಆಲ್ವಿನ್ ಹೊಸ ಕಡ್ಡಿಯೊಂದನ್ನು ಅಳೆದು ಕೆತ್ತಿದ. ಕೆತ್ತಿ ಕೈಯಲ್ಲೇ ಹಿಡಿದು ಕೂತ. ಎರ್ನಾ ತಟ್ಟೆಗಳನ್ನು ಎತ್ತುವುದನ್ನು ನಿಲ್ಲಿಸಿದಳು.

“ನೀನು ಮರೆತಿದ್ದೀಯ ಅಂದ್ಕೊಂಡಿದ್ದೆ,” ಎಂದಳು.

“ಮರೆತಿದ್ರೆ ತೊಲೆ ಹಾಕಿರ್ತಿದ್ದೆ.” ಅವನು ಕಡ್ಡಿಯನ್ನು ತಿರುಗಿಸಿದ. “ಎಲ್ಲಾ ಗೋಡೆಗೂ ಹಾಕಿದೀನಿ. ಅಲ್ಲಿಗೆ ಬಂದ್ರೆ ಬಾಗಿಲೇ ಕಣ್ಣಿಗೆ ಕಟ್ಟುತ್ತೆ. ಅವಳು ಅದರಲ್ಲಿ ನಿಂತಿರ್ತಾಳೆ.”

“ಹೆಸರು ಹೇಳು ಒಂದ್ಸಲ.”

ಅವನು ಕಡ್ಡಿಯನ್ನು ಮೇಜಿನ ಮೇಲಿಟ್ಟ. “ಮಾರ್ಲಿಸ್,” ಎಂದ. ಆಮೇಲೆ, “ನೀನು ಬೇಡ ಅಂದ್ರೆ ಇದನ್ನ ಹಾಕಲ್ಲ. ಹೀಗೇ ಬಿಡ್ತೀನಿ,” ಎಂದ.

ಎರ್ನಾ ಯೋಚಿಸಿದಳು. ಚರ್ಚಿನ ನೆಲಮಾಳಿಗೆಯಲ್ಲಿ ಜನ ಸಾಲಾಗಿ ಬರುತ್ತಾರೆ. ಆ ಸಂದಿಗೆ ಬೆರಳಿಟ್ಟು ಇದೇನು ತಪ್ಪು ಎಂದು ಕೇಳುತ್ತಾರೆ. ನಾರ್ಬರ್ಟ್ ನಗುನಗುತ್ತಾ ವಿವರಿಸುತ್ತಾನೆ.

“ಹಾಕು,” ಎಂದಳು. “ಕಂಡೋರೆಲ್ಲ ಬೆರಳು ತೂರಿಸೋದು ಬೇಡ.”

ಅವನು ಗೋಂದು ಹಚ್ಚಿ ಓರೆತೊಲೆಯನ್ನು ಕೂರಿಸಿದ. ಗೋಂದು ಹಿಡಿಯಲೆಂದು ಅವಳು ಎರಡೂ ತುದಿಗಳನ್ನು ಒತ್ತಿ ಹಿಡಿದಳು.

“ಕೊಯ್ದ ತೊಲೆಯ ಮೋಟು ಬಾಗಿಲ ಪಕ್ಕ ಚಾಚ್ಕೊಂಡಿತ್ತಲ್ಲ,” ಎಂದ ಆಲ್ವಿನ್. “ಅದಕ್ಕೆ ಟೋಪಿ ನೇತು ಹಾಕೋಳು. ಎಗರಿ ಎಗರಿ. ನೀಲಿ ಟೋಪಿ.”

“ಕೆಂಪು.”

“ನೀಲಿ, ಎರ್ನಾ. ಕುಚ್ಚಿತ್ತು ಅದಕ್ಕೆ.”

“ಕುಚ್ಚಿತ್ತು. ಆದ್ರೆ ಕೆಂಪು. ನಾನೇ ಹೆಣೆದಿದ್ದು.”

ಅವನು ವಾದಿಸಲಿಲ್ಲ, ಒಪ್ಪಲೂ ಇಲ್ಲ. ಅವನ ಮುಖ ನೋಡುತ್ತಿದ್ದಂತೆ ಎರ್ನಾಳಿಗೆ ತನ್ನ ಕೆಂಪಿನ ಮೇಲೆಯೇ ಅನುಮಾನ ಬಂತು. ನೂಲಿನ ಉಂಡೆ ನೆನಪಾಯಿತು, ಸೂಜಿಗಳು ನೆನಪಾದವು, ಬಣ್ಣ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೇಳೋಣವೆಂದರೆ ಆ ಟೋಪಿಯನ್ನು ನೆನಪಿಡುವಷ್ಟು ಹತ್ತಿರದಿಂದ ಕಂಡವರು ಅವರಿಬ್ಬರನ್ನು ಬಿಟ್ಟು ಯಾರೂ ಉಳಿದಿರಲಿಲ್ಲ.

ಗೋಂದು ಹಿಡಿದಿತ್ತು. ಅವಳು ಕೈ ತೆಗೆಯಲಿಲ್ಲ.