ಅಕ್ಕನ ಕೈಗೊಂದು ವಾಚು

"ಇವುಗಳಲ್ಲಿ ಜಾಸ್ತಿ ಬೈಯೋದು ಯಾವುದು?" ಎಂದು ಅವಳು ಕೇಳಿದಾಗ ಅಂಗಡಿಯವನು ನಕ್ಕುಬಿಟ್ಟ. ತಮಾಷೆ ಅಂದುಕೊಂಡ. ಗಾಜಿನ ಪೆಟ್ಟಿಗೆಯ ಮೇಲೆ ಆಗಲೇ ಐದಾರು ವಾಚುಗಳನ್ನು ಹರಡಿ, ಇದು ನಿದ್ದೆ ಅಳೆಯುತ್ತೆ, ಇದನ್ನು ಕಟ್ಟಿಕೊಂಡು ಈಜಬಹುದು, ಇದಕ್ಕೆ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಚಿಂತೆಯಿಲ್ಲ ಎಂದು ಗಿಣಿಪಾಠ ಒಪ್ಪಿಸುತ್ತಿದ್ದ.

"ಅದೆಲ್ಲ ಇರ್ಲಿ. ಕಟ್ಕೊಂಡೋರು ಸುಮ್ನೆ ಕೂತ್ರೆ ಏನ್ಮಾಡುತ್ತೆ?"

"ಗುರ್ ಅಂತ ನಡುಗುತ್ತೆ ಮೇಡಂ, ಗಂಟೆಗೊಂದ್ಸಲ."

"ನಡುಗಿದ್ರೆ ಅವ್ರಿಗೆ ಮಾತ್ರ ಗೊತ್ತಾಗುತ್ತೆ. ಪಕ್ಕದಲ್ಲಿರೋರಿಗೆ?"

ಅಂಗಡಿಯವನು ಅವಳ ಮುಖವನ್ನೊಮ್ಮೆ ನೋಡಿ, ಒಳಗಿನಿಂದ ಅಗಲವಾದ ಕರಿಯ ವಾಚೊಂದನ್ನು ತೆಗೆದ. "ಹಾಗಾದ್ರೆ ಇದು. ಬಾಯಿಬಿಟ್ಟೇ ಹೇಳುತ್ತೆ, ಅದೂ ನಮ್ಮ ಭಾಷೇಲೇ" ಎಂದು ಗುಂಡಿ ಒತ್ತಿದ. ವಾಚಿನೊಳಗಿಂದ ಹೆಂಗಸಿನ ದನಿಯೊಂದು ಬೆಣ್ಣೆಯಂತೆ ಹೇಳಿತು: "ತುಂಬಾ ಹೊತ್ತಿನಿಂದ ಕೂತಿದ್ದೀರಿ. ಏಳಿ, ಎದ್ದು ಓಡಾಡಿ."

ಅವಳ ಕೈ ಗಾಜಿನ ಮೇಲೆ ಹಾಗೇ ನಿಂತಿತು. "ಇನ್ನೊಂದ್ಸಲ ಹಾಕಿ" ಎಂದಳು. ಅವನು ಹಾಕಿದ. ಅವಳು ಕಣ್ಣು ಮುಚ್ಚಿ ಕೇಳಿದಳು.

"ಇದರ ಲೆಕ್ಕ ಮನೆಯವರೂ ನೋಡಬಹುದಾ?"

"ಎಲ್ಲರ ಫೋನಿಗೂ ಹೋಗುತ್ತೆ. ಗುರಿ ಮುಟ್ಟಿದ್ರೆ ಹಸಿರು, ಮುಟ್ಟದಿದ್ರೆ ಕೆಂಪು." ಅವನಿಗೆ ವ್ಯಾಪಾರದ ಜೊತೆ ಸ್ವಲ್ಪ ಆತ್ಮಸಾಕ್ಷಿಯೂ ಇತ್ತು. "ಆದ್ರೆ ಮೇಡಂ, ನಿಜವಾಗ್ಲೂ ಆರೋಗ್ಯಕ್ಕೆ ಅಂತಾದ್ರೆ ಈ ಬಿಳೀದು ತಗೊಳ್ಳಿ. ಎದೆಬಡಿತ ಏರುಪೇರಾದ್ರೆ ಎಚ್ಚರಿಸುತ್ತೆ. ಕರಿದ್ರಲ್ಲಿ ಅದಿಲ್ಲ. ಯಾರಿಗೆ ಇದು?"

"ನನ್ನ ಓರಗಿತ್ತಿಗೆ. ಐವತ್ತು ತುಂಬ್ತು."

"ಅಬ್ಬಾ! ಓರಗಿತ್ತಿ ಮೇಲೆ ಇಷ್ಟು ಪ್ರೀತಿ ಇರೋರನ್ನ ನಾನು ನೋಡೇ ಇಲ್ಲ."

"ಕರಿದೇ ಕಟ್ಟಿಕೊಡಿ" ಎಂದಳು ಅವಳು.

ಅವಳದು ಬೇಕರಿಯ ಹಿಂದಿನ ಕೋಣೆಯಲ್ಲಿ ಕೇಕಿನ ಮೇಲೆ ಬರೆಯುವ ಕೆಲಸ. ಮದುವೆ, ಹುಟ್ಟುಹಬ್ಬ, ನಿವೃತ್ತಿ, ಯಾವುದೇ ಆಗಲಿ, ಸಕ್ಕರೆಯ ಹಸಿ ಅಕ್ಷರ ಒಂದೂ ವಾಲದಂತೆ ಬರೆಯುತ್ತಿದ್ದಳು. ಉಸಿರು ಬಿಗಿಹಿಡಿದು ಕಾಯುವುದು ಅವಳಿಗೆ ಅಭ್ಯಾಸವಾಗಿತ್ತು. ಓರಗಿತ್ತಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಹಾಸ್ಟೆಲಿನಲ್ಲಷ್ಟೇ ಅಲ್ಲ, ಮನೆಯಲ್ಲೂ ಬೆನ್ನ ಹಿಂದೆ ಎಲ್ಲರೂ ಅವಳನ್ನು ವಾರ್ಡನ್ ಎಂದೇ ಕರೆಯುತ್ತಿದ್ದರು. ಮನೆ ಒಂದೇ. ಕೆಳಗೆ ವಾರ್ಡನ್, ಅವಳ ಗಂಡ, ಮಗಳು. ಮೇಲೆ ಇವಳು ಮತ್ತು ಫ್ರಿಜ್ ರಿಪೇರಿ ಮಾಡುವ ಇವಳ ಗಂಡ. ಅಣ್ಣ ಅತ್ತಿಗೆಯ ಮುಂದೆ ತಲೆ ಎತ್ತದ ಮನುಷ್ಯ ಅವನು.

ಒಂಬತ್ತು ವರ್ಷದ ಹಿಂದೆ, ಎಷ್ಟೋ ಕಾದ ಮೇಲೆ, ಇವಳು ಬಸುರಿಯಾಗಿದ್ದಳು. ಮೂರನೇ ತಿಂಗಳಲ್ಲಿ ಸ್ವಲ್ಪ ತೊಂದರೆ ಕಾಣಿಸಿ, ಡಾಕ್ಟರು ಹಾಸಿಗೆ ಬಿಟ್ಟು ಏಳಲೇಬಾರದು ಎಂದಿದ್ದರು. ಗಂಡ ಹಾಸಿಗೆಯ ಬಳಿಗೇ ತಟ್ಟೆ ತರುತ್ತಿದ್ದ. ಅದೇ ಹೊತ್ತಿಗೆ ಪರ ಊರಿನ ಶೈತ್ಯಾಗಾರವೊಂದರ ಕೆಲಸಕ್ಕೆ ಅವನನ್ನು ಕರೆದರು. "ಅತ್ತಿಗೆ ಇದಾರಲ್ಲ, ನೋಡ್ಕೋತಾರೆ" ಎಂದು ಹೇಳಿ ಹೋದ.

ಅತ್ತಿಗೆ ನೋಡಿಕೊಂಡಳು. ಮಾರನೆಯ ಬೆಳಿಗ್ಗೆಯೇ ಬಾಗಿಲಲ್ಲಿ ನಿಂತು, "ಬಸುರಿ ಆಗೋದು ರೋಗ ಅಲ್ಲಮ್ಮ. ಏಳು, ಎದ್ದು ಓಡಾಡು" ಎಂದಳು. ಅಂದು ಮನೆಯ ಪರದೆಗಳನ್ನೆಲ್ಲ ಒಗೆಸಿದಳು. ಮರುದಿನ ಹತ್ತಿಯ ಹಾಸಿಗೆಗಳನ್ನು ಬಿಸಿಲಿಗೆ ಹಾಕಲು ಮಹಡಿಗೆ ಹೊರಿಸಿದಳು. ಇವಳು ಕೂತಾಗಲೆಲ್ಲ ಕೆಳಗಿನಿಂದ ಅದೇ ಕೂಗು: ಏಳು, ಎದ್ದು ಓಡಾಡು. ಎರಡನೇ ಹಾಸಿಗೆ ಹೊತ್ತು ಮೆಟ್ಟಿಲ ತಿರುವಿಗೆ ಬರುವಷ್ಟರಲ್ಲಿ ಕಾಲಿನ ಗುಂಟ ಬಿಸಿಯಾಗಿ ಇಳಿಯಿತು.

ಮಗು ಹೋಯಿತು. ಮತ್ತೆ ನಿಲ್ಲಲೂ ಇಲ್ಲ. ಆಸ್ಪತ್ರೆಗೆ ನೋಡಲು ಬಂದವರಿಗೆಲ್ಲ ವಾರ್ಡನ್ ತಾನೇ ಉತ್ತರ ಕೊಟ್ಟಳು: "ಕೂತು ಕೂತು ಹೀಗಾಯ್ತು ನೋಡಿ. ಮೈ ಬಗ್ಗಿಸಿದೋಳಲ್ಲ." ಇವಳು ಬಾಯಿ ತೆರೆದಾಗ ಗಂಡ, "ಹೋಗ್ಲಿ ಬಿಡು, ಆಗಿದ್ದು ಆಗೋಯ್ತು" ಎಂದ. ಅವಳು ಬಾಯಿ ಮುಚ್ಚಿಕೊಂಡಳು. ಬಾಯಿ ಮುಚ್ಚಿದರೆ ಮಾತು ಸಾಯುತ್ತದೆಯೇ? ಹೊಟ್ಟೆಯೊಳಗೇ ಕೂತು ಬೇರುಬಿಟ್ಟಿತು.

ಹುಟ್ಟುಹಬ್ಬಕ್ಕೆ ಕೇಕನ್ನೂ ಅವಳೇ ತಂದಳು. ಅದರ ಮೇಲೆ ಗುಲಾಬಿ ಬಣ್ಣದಲ್ಲಿ "ಆರೋಗ್ಯವೇ ಭಾಗ್ಯ" ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಳು. ವಾಚು ನೋಡಿ ವಾರ್ಡನ್ ಉಬ್ಬಿಹೋದಳು. "ನೋಡು, ಇವಳಿಗೆ ಎಷ್ಟು ತಿಳೀತು!" ಮಗಳು ಕೂತಲ್ಲೇ ಎಲ್ಲರ ಫೋನಿಗೂ ಅದನ್ನು ಜೋಡಿಸಿಕೊಟ್ಟಳು.

ಮೊದಮೊದಲು ವಾರ್ಡನ್ ಉತ್ಸಾಹದಿಂದಲೇ ನಡೆದಳು. ಕೆಲವೇ ದಿನಕ್ಕೆ ಸುಸ್ತಾಗತೊಡಗಿದಳು. ಆದರೆ ವಾಚಿಗೆ ಸುಸ್ತು ಎಲ್ಲಿಂದ ಬರಬೇಕು? ಊಟಕ್ಕೆ ಕೂತರೆ ಹೇಳಿತು, ಪೇಪರು ಓದಲು ಕೂತರೆ ಹೇಳಿತು. ಹಾಸ್ಟೆಲಿನ ಸಭೆಯಲ್ಲಿ ತಾನು ಕೂತು, ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಬೈಯುತ್ತಿದ್ದಾಗಲೇ "ಏಳಿ, ಎದ್ದು ಓಡಾಡಿ" ಎಂದು ಅವಳಿಗೇ ಹೇಳಿ, ಅವರೆಲ್ಲ ಮುಸಿಮುಸಿ ನಗುವಂತಾಯಿತು. ಸಂಜೆ ಮನೆಗೆ ಬಂದರೆ ಗಂಡ ಫೋನು ತೋರಿಸಿ, "ಇವತ್ತೂ ಕೆಂಪಾ? ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲ" ಎಂದು ಕಾಲೆಳೆಯುತ್ತಿದ್ದ. ಕಿತ್ತಿಟ್ಟರೆ ಮಗಳು ಬಿಡಳು. "ನಂಗೆ ಬೆಳಿಗ್ಗೆ ಬೇಗ ಏಳು ಅಂತ ಹಾಸಿಗೆ ಮೇಲೆ ನೀರು ಹಾಕ್ತಿದ್ಯಲ್ಲಮ್ಮ, ಈಗ ಅನುಭವಿಸು" ಎಂದು ಮತ್ತೆ ಕಟ್ಟುತ್ತಿದ್ದಳು.

ಮೇಲಿನ ಮನೆಯಲ್ಲಿ ಇವಳು ಬಾಗಿಲು ತೆರೆದಿಟ್ಟುಕೊಂಡು ಕೇಳುತ್ತಿದ್ದಳು. ಕೆಳಗೆ ಆ ದನಿ ಬಂದಾಗಲೆಲ್ಲ ಬಾಯಿಗೆ ಸಕ್ಕರೆ ಬಿದ್ದಂತಾಗುತ್ತಿತ್ತು.

ಆಮೇಲೆ ಕೆಲವು ಸಂಗತಿಗಳು ಅವಳ ಕಣ್ಣಿಗೆ ಬಿದ್ದವು. ಬೇರೆ ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ವಾರ್ಡನ್ನನ್ನು ಅವಳಷ್ಟು ಗಮನವಿಟ್ಟು ನೋಡುವವರು ಆ ಮನೆಯಲ್ಲಿ ಇರಲಿಲ್ಲ. ಹಗೆಯವರ ಕಣ್ಣು ಹೆತ್ತವರ ಕಣ್ಣಿಗಿಂತ ಚುರುಕು. ವಾರ್ಡನ್ ಎರಡು ಮೆಟ್ಟಿಲಿಗೊಮ್ಮೆ ನಿಂತು ಕಂಬಿ ಹಿಡಿಯುತ್ತಿದ್ದಳು. ಚಪ್ಪಲಿಯ ಪಟ್ಟಿ ಪಾದಕ್ಕೆ ಸಾಲದೆ ಹಿಮ್ಮಡಿಯ ಹಿಂದೆ ನೇತಾಡುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬಿನ ಮೇಲೆ ದಿಂಬು ಪೇರಿಸಿ ಒರಗಿ ಕೂರುತ್ತಿದ್ದಳು.

"ಆಗ್ತಿಲ್ಲ ಕಣ್ರೀ, ನಿಜವಾಗ್ಲೂ ಆಗ್ತಿಲ್ಲ" ಎಂದು ಅವಳು ಗಂಡನಿಗೆ ಹೇಳುವುದು ಮೇಲಿನವರೆಗೂ ಕೇಳಿಸಿತು.

"ಕೂತು ಕೂತು ಹೀಗಾಗಿದೆ" ಎಂದ ಅವನು. "ಮೈ ಬಗ್ಗಿಸು, ಎಲ್ಲಾ ಸರಿಹೋಗುತ್ತೆ."

ಮೇಲೆ ಬಟ್ಟೆ ಮಡಚುತ್ತಿದ್ದ ಇವಳು ಮಡಚುವುದನ್ನು ನಿಲ್ಲಿಸಿದಳು. ಅವೇ ಮಾತು. ತಾನು ಬೇಡಿಕೊಂಡಿದ್ದರೂ ಇಷ್ಟು ಸರಿಯಾಗಿ ಯಾರೂ ಹೇಳುತ್ತಿರಲಿಲ್ಲ. ವಾರ್ಡನ್‌ಗೆ ಮೈಯಲ್ಲಿ ನಿಜವಾಗಿಯೂ ಏನೋ ಕೆಟ್ಟಿದೆ ಎಂದು ಅವಳಿಗೆ ಆ ಗಳಿಗೆಯಲ್ಲೇ ಖಚಿತವಾಯಿತು. ಕೆಳಗಿಳಿದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅಂದೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ.

ಅಷ್ಟೇ ಆಗಿದ್ದರೆ ಹೋಗಲಿ. ಒಂದು ಮಧ್ಯಾಹ್ನ ಮನೆಯಲ್ಲಿ ಇಬ್ಬರೇ ಇದ್ದಾಗ ಅವಳು ಕೆಳಗೆ ಬಂದಳು. ವಾರ್ಡನ್ ಕುರ್ಚಿಯಲ್ಲಿ ಕುಸಿದು ಕೂತಿದ್ದಳು. ಚಾರ್ಜ್ ಮುಗಿದ ವಾಚು ಸತ್ತಂತೆ ಮೇಜಿನ ಮೇಲಿತ್ತು. ಇವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಮೆಲ್ಲಗೆ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು:

"ಏಳಿ ಅಕ್ಕ. ಎದ್ದು ಓಡಾಡಿ."

ವಾರ್ಡನ್ ತಲೆ ಎತ್ತಿದಳು. ಇವಳು ನಿಂತ ಜಾಗ ನೋಡಿದಳು, ನಿಂತ ರೀತಿ ನೋಡಿದಳು. ಅವಳ ಮುಖದಲ್ಲಿ ಒಂದೊಂದೇ ಗೆರೆ ಸಡಿಲವಾಯಿತು. ಅರ್ಥವಾಗಿತ್ತು. ವಾಚು ಯಾಕೆ ಬಂತು ಎಂಬುದೂ ಅರ್ಥವಾಗಿತ್ತು. ಕೈಯೂರಿ ಎದ್ದು, ಗೋಡೆ ಹಿಡಿದುಕೊಂಡು ಕೋಣೆಯ ಆ ತುದಿಗೆ ಹೋಗಿ, ತಿರುಗಿ ಬಂದಳು. ಏದುಸಿರು ಬಿಡುತ್ತಾ ಮತ್ತೆ ಹೋದಳು. ಶಿಕ್ಷೆ ಒಪ್ಪಿಕೊಂಡವಳಂತೆ. ಇವಳು ನಿಂತು ನೋಡಿದಳು. ಒಂಬತ್ತು ವರ್ಷದಲ್ಲಿ ಅಷ್ಟು ಹಗುರವೆನಿಸಿದ ಮಧ್ಯಾಹ್ನ ಇನ್ನೊಂದಿರಲಿಲ್ಲ.

ಆ ಭಾನುವಾರ ಮಗಳು ಹಟಹಿಡಿದು ಎಲ್ಲರನ್ನೂ ಪಾರ್ಕಿಗೆ ಹೊರಡಿಸಿದಳು. ಕೆರೆಯ ಸುತ್ತ ಒಂದು ಸುತ್ತು, ಅಮ್ಮನಿಗೆ ಹಸಿರು ಬರುವವರೆಗೆ. ಅರ್ಧ ದಾರಿಯಲ್ಲೇ ವಾರ್ಡನ್ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟಳು. ತುಟಿ ನೇರಳೆಯಾಗಿತ್ತು.

"ಏಳಮ್ಮ, ನಾಟಕ ಸಾಕು" ಎಂದು ಮಗಳು ಅವಳ ಕೈ ಹಿಡಿದು ಎಳೆದಳು. ಭಾವ ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದ. ವಾರ್ಡನ್ನಿನ ಕಣ್ಣು ಮಗಳ ಮೇಲಿರಲಿಲ್ಲ, ಗಂಡನ ಮೇಲಿರಲಿಲ್ಲ. ಇವಳ ಮೇಲೆ ನೆಟ್ಟಿತ್ತು.

ಇವಳಿಗೆ ಮರುಕ ಹುಟ್ಟಿತೇ? ಇಲ್ಲ. ಅವಳ ತಲೆಯಲ್ಲಿ ಓಡಿದ್ದು ಬೇರೆಯೇ. ವಾರ್ಡನ್ ಇಲ್ಲೇ ಹೋಗಿಬಿಟ್ಟರೆ ನಾಳೆ ಎಲ್ಲರೂ ಅತ್ತು, ಎಂಥ ಹೆಂಗಸು, ಮನೆಗೇ ಆಧಾರ ಅನ್ನುತ್ತಾರೆ. ಸತ್ತವರ ಮೇಲೆ ಯಾರೂ ತಪ್ಪು ಹೊರಿಸುವುದಿಲ್ಲ. ಉತ್ತರ ಹೇಳದೆ ಅವಳು ಹೋಗಬಾರದು. ಇಷ್ಟು ಅಗ್ಗವಾಗಿ ಹೋಗಬಾರದು.

"ಎಳೀಬೇಡ ಅವರನ್ನ!" ಎಂದು ಇವಳು ಕೂಗಿದ ರಭಸಕ್ಕೆ ಹುಡುಗಿ ಕೈಬಿಟ್ಟಳು. ಇವಳು ನೆಲಕ್ಕೆ ಕೂತು ವಾರ್ಡನ್ನಿನ ಪಾದದ ಮೇಲೆ ಹೆಬ್ಬೆರಳು ಒತ್ತಿದಳು. ಹಿಟ್ಟಿನ ಉಂಡೆಯಲ್ಲಿ ಬಿದ್ದಂತೆ ಗುಳಿ ಬಿದ್ದು ಹಾಗೇ ಉಳಿಯಿತು. "ಇದು ಸೋಮಾರಿತನನಾ? ನೋಡಿ ಭಾವ, ಕಣ್ಣುಬಿಟ್ಟು ನೋಡಿ. ಟ್ಯಾಕ್ಸಿ ಕರೀರಿ ಮೊದ್ಲು."

ಹೃದಯದ ಕವಾಟ ಕೆಟ್ಟಿದೆ, ಎದೆಯಲ್ಲಿ ನೀರು ತುಂಬಿದೆ ಎಂದರು ಡಾಕ್ಟರು. "ಇನ್ನೊಂದು ವಾರ ಬಿಟ್ಟಿದ್ರೆ ಕೈಮೀರ್ತಿತ್ತು. ಮೊದ್ಲು ಗಮನಿಸಿದ್ದು ಯಾರು?" ಎಂದು ಕೇಳಿದರು. ಎಲ್ಲರೂ ಇವಳ ಕಡೆ ಕೈ ತೋರಿಸಿದರು. ಭಾವ ಕಣ್ಣಲ್ಲಿ ನೀರು ತಂದುಕೊಂಡು ಕೈಮುಗಿದ. ಅವಳಿಗೆ ಗಾಜಿನ ಪೆಟ್ಟಿಗೆಯ ಮೇಲೆ ಬಿಟ್ಟುಬಂದ ಬಿಳಿಯ ವಾಚು ನೆನಪಾಯಿತು. ಸುಮ್ಮನಿದ್ದ ದಿನಗಳೂ ನೆನಪಾದವು. ನೆನಪಾದವು, ಅಷ್ಟೇ. ಅವುಗಳ ಲೆಕ್ಕವನ್ನು ತಾನು ಬೇರೆ ಯಾರಿಗೂ ಒಪ್ಪಿಸಬೇಕಾಗಿಲ್ಲ ಎಂದುಕೊಂಡಳು.

ವಾರ್ಡನ್ ಚೇತರಿಸಿಕೊಂಡು ದಿಂಬಿಗೆ ಒರಗಿ ಕೂರುವಂತಾಗುವವರೆಗೆ ಇವಳು ಕಾದಳು. ಆಮೇಲೆ ಒಂದು ಸಂಜೆ, ಭಾವ, ಮಗಳು, ತನ್ನ ಗಂಡ ಮೂವರೂ ಇದ್ದಾಗಲೇ ಹೋಗಿ ಮಂಚದ ಕಾಲ್ಬದಿಯಲ್ಲಿ ನಿಂತಳು.

"ಅಕ್ಕ, ಒಂದು ಮಾತು ಕೇಳ್ತೀನಿ, ಎಲ್ಲರ ಮುಂದೆ ಹೇಳಿ. ನಾನು ಬಸುರಿ ಇದ್ದಾಗ ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಅಂದಿದ್ದು ನಿಮಗೆ ಗೊತ್ತಿತ್ತಾ?"

"ಈಗ್ಯಾಕೆ ಅದೆಲ್ಲ..." ಎಂದು ಗಂಡ ಎದ್ದ.

"ನೀವು ಕೂತ್ಕೊಳ್ರೀ" ಎಂದಳು. ಅವನು ಕೂತ.

ವಾರ್ಡನ್ ಹೊದಿಕೆಯ ಅಂಚನ್ನು ಮಡಚುತ್ತಾ, ಬಿಚ್ಚುತ್ತಾ ಇದ್ದಳು. ಕೊನೆಗೆ, "ಗೊತ್ತಿತ್ತು" ಎಂದಳು.

"ಪರದೆ ಒಗೆಸಿದ್ದು?"

"ನಾನೇ."

"ಹಾಸಿಗೆ ಹೊರಿಸಿದ್ದು?"

"ನಾನೇ. ಅವಳು ಬೇಡ ಅಂದ್ಲು. ಕೈ ಮುಗಿದ್ಲು. ನಾನು ಬಿಡ್ಲಿಲ್ಲ."

ಮಗಳು "ಅಮ್ಮಾ" ಎಂದಳು, ಅಷ್ಟು ಹೊತ್ತು ಹಿಡಿದಿದ್ದ ಕೈಯನ್ನು ಬಿಟ್ಟಳು.

"ಯಾಕೆ?" ಎಂದು ಕೇಳಿದ್ದು ಇವಳಲ್ಲ, ಇವಳ ಗಂಡ. ಅವನ ದನಿ ಯಾರದೋ ದನಿಯಂತಿತ್ತು.

"ಇವಳನ್ನ ಹೊತ್ತಾಗ ಕೊನೇ ದಿನದವರೆಗೂ ನಾನು ಮನೆಗೆಲಸ ಮಾಡ್ದೆ" ಎಂದಳು ವಾರ್ಡನ್, ಮಗಳತ್ತ ತಲೆಯಾಡಿಸಿ. "ಸ್ವಲ್ಪ ಕೂತ್ಕೋ ಅಂತ ಒಬ್ರೂ ಅನ್ಲಿಲ್ಲ. ನೀನು ಅವಳ ಹಾಸಿಗೆಗೇ ತಟ್ಟೆ ತಗೊಂಡು ಹೋಗೋದು ನೋಡ್ದೆ. ಹೊಟ್ಟೆ ಉರೀತು. ಮಗು ಹೋಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಅವಳ ಸೊಕ್ಕು ಇಳೀಲಿ ಅಂದ್ಕೊಂಡೆ." ಅವಳು ಇವಳತ್ತ ತಿರುಗಿದಳು. "ನನ್ನ ಕ್ಷಮಿಸಿಬಿಡೇ."

"ಕ್ಷಮೆ ಕೊಡೋಕೆ ನಾನು ಬಂದಿಲ್ಲ ಅಕ್ಕ. ನೀವು ಬಾಯಿಬಿಟ್ಟು ಹೇಳೋದನ್ನ ಕೇಳೋಕೆ ಬಂದೆ. ಕೇಳಿದೆ." ಆಮೇಲೆ ಗಂಡನ ಕಡೆ ನೋಡಿ ಸೇರಿಸಿದಳು: "ಅವರು ಮಾಡಿದ್ದು ಎರಡು ದಿನ. ನೀವು ಒಂಬತ್ತು ವರ್ಷ ಕೇಳಲೇ ಇಲ್ಲ."

ವಾರ್ಡನ್‌ಗೆ ಆಪರೇಷನ್ ಆಯಿತು, ಬದುಕಿದಳು. ಹಾಸ್ಟೆಲಿನ ಕೆಲಸ ಬಿಟ್ಟಳು. ಮಗಳು ಅವಳ ಸೇವೆ ಮಾಡಿದಳು, ಆದರೆ ಮೊದಲಿನಂತೆ ಹರಟಲಿಲ್ಲ. ಔಷಧಿ ಕೊಟ್ಟು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಇವಳ ಗಂಡ ಕೆಲವು ದಿನ ಊಟ ಸರಿಯಾಗಿ ಮಾಡಲಿಲ್ಲ. ಒಂದು ಬೆಳಿಗ್ಗೆ ತಾನೇ ಹೋಗಿ ಬೇಕರಿಯ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಗೊತ್ತುಮಾಡಿ ಬಂದ. ಬದುಕಿನಲ್ಲಿ ಅಣ್ಣನನ್ನು ಕೇಳದೆ ಅವನು ಮಾಡಿದ ಮೊದಲ ಕೆಲಸ ಅದು.

ಸಾಮಾನು ಲಾರಿಗೆ ಏರಿಸುವ ದಿನ ವಾರ್ಡನ್ ಹೊಸಿಲ ಬಳಿ ಬಂದು ನಿಂತಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು.

"ಆಗಾಗ ಬಾ ಅಂತ ಕರಿಯೋ ಮುಖ ನನಗಿಲ್ಲ" ಎಂದಳು.

"ಇಲ್ಲ" ಎಂದಳು ಇವಳು. ಹೇಳಿ, ಅಡುಗೆ ಪಾತ್ರೆಗಳ ಮೂಟೆಯನ್ನು ಎತ್ತಿಕೊಂಡು ಹೋದಳು.

ಲಾರಿಯಲ್ಲಿ ಡ್ರೈವರ್ ಪಕ್ಕ ಗಂಡ ಹೆಂಡತಿ ಇಬ್ಬರೂ ಇಕ್ಕಟ್ಟಾಗಿ ಕೂತಿದ್ದರು. ಬೀದಿ ದಾಟಿದ ಮೇಲೆ ಅವನು ಹೆದರುತ್ತಲೇ ಕೇಳಿದ: "ಈಗ ಸಮಾಧಾನ ಆಯ್ತಾ ನಿಂಗೆ?"

ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. ಸೇಡು ತೀರಿಸಿಕೊಂಡವರಿಗೆ ನೆಮ್ಮದಿ ಇರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ತನ್ನೊಳಗೆ ಆ ಅಳುಕನ್ನು ಹುಡುಕಿ ನೋಡಿದಳು. ಸಿಗಲಿಲ್ಲ. ಹಸಿವಾಗುತ್ತಿತ್ತು, ಅಷ್ಟೇ.

"ಆಯ್ತು" ಎಂದಳು. "ಅವರ ಪಾಲಿಂದು ಆಯ್ತು. ನಿಮ್ಮದಿನ್ನೂ ಬಾಕಿ ಇದೆ."

ಗಂಡ ತಲೆ ತಗ್ಗಿಸಿ, ಒಡೆಯದಿರಲೆಂದು ಮಡಿಲ ಮೇಲಿಟ್ಟುಕೊಂಡಿದ್ದ ಗೋಡೆ ಗಡಿಯಾರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಲಾರಿ ಬೇಕರಿಯ ಬೀದಿಗೆ ತಿರುಗಿತು.