ಏಳು ನಿಮಿಷ ಮುಂದೆ

ನಾನು ಕೀಲಿ ಕೊಟ್ಟರೆ ಓಡುವ ಒಂದು ಕೈಗಡಿಯಾರ. ಹುಟ್ಟಿದ್ದು ಕಾರ್ಖಾನೆಯಲ್ಲಾದರೂ ನನಗೆ ಬುದ್ಧಿ ಕಲಿಸಿದವಳು ಗೋಕಾಕದಲ್ಲಿ ಬಟ್ಟೆ ಹೊಲಿಯುವ ತಂಗೆವ್ವ. ತಮ್ಮ ಲಗಮಣ್ಣ ಸೈನ್ಯಕ್ಕೆ ಹೊರಟ ದಿನ ನನ್ನನ್ನು ಅವನ ಕೈಗೆ ಕಟ್ಟಿದಳು. ಅವನೋ ಶುದ್ಧ ನಿದ್ದೆಬುರುಕ.

"ಏಳ ಮಿನಿಟ ಮುಂದ ಇಟ್ಟೇನಿ. ಎಲ್ಲೂ ತಡಾ ಮಾಡಬ್ಯಾಡ" ಎಂದಳು.

ಅಂದಿನಿಂದ ನಾನು ಸುಳ್ಳು ಹೇಳುತ್ತಲೇ ಬದುಕಿದೆ. ನಾಚಿಕೆಯೇನೂ ಪಡಲಿಲ್ಲ.

ಕೆಲವು ವರ್ಷಗಳ ಮೇಲೆ ಅವನು ಕಮಾಂಡೋ ತರಬೇತಿಗೆ ಸೇರಿದ. ಅಲ್ಲಿಯ ಕೊನೆಯ ಪರೀಕ್ಷೆ ಎಂದರೆ ಬೆನ್ನ ಮೇಲೆ ಹೊರೆ ಹೊತ್ತು, ಗೊತ್ತುಮಾಡಿದ ಸಮಯದೊಳಗೆ ನಲವತ್ತು ಕಿಲೋಮೀಟರ್ ಓಟ. ಎರಡು ಸಲ ಸೋತ. ಡಾಕ್ಟರು ಎದೆ, ಮಂಡಿ ಎಲ್ಲ ನೋಡಿ ಏನೂ ಕೊರತೆಯಿಲ್ಲ ಎಂದರು. ಕಾರಣ ನನಗೆ ಗೊತ್ತಿತ್ತು. ಕೊನೆಯ ಗುಡ್ಡದ ಬುಡದಲ್ಲಿ, ನಿದ್ದೆಗೆಟ್ಟು, ಗಂಟಲು ಒಣಗಿ, ಅವನು ನನ್ನನ್ನು ನೋಡುತ್ತಿದ್ದ. ದಣಿದ ತಲೆಗೆ ಏಳು ಕಳೆಯುವುದು ನೆನಪಾಗುತ್ತಿರಲಿಲ್ಲ. ತಡವಾಯಿತೆಂದು ಗಾಬರಿಯಾಗಿ ಬಿದ್ದೆನೋ ಕೆಟ್ಟೆನೋ ಎಂದು ಗುಡ್ಡ ಏರುತ್ತಿದ್ದ. ಅರ್ಧಕ್ಕೇ ಮೀನಖಂಡ ಸೆಟೆದು ಕೂತುಬಿಡುತ್ತಿದ್ದ. ನನಗೆ ಬಾಯಿಲ್ಲವಲ್ಲ ಎಂದು ಬಹಳ ನೊಂದೆ.

ಮೂರನೆಯದೇ ಕೊನೆಯ ಅವಕಾಶ. ಹೊರಡುವ ಮುಂಚೆ, ತರಬೇತಿ ಕೊಡುವ ಉಸ್ತಾದ್ ಭೀಮಶಿ ಹತ್ತಿರ ಬಂದರು. ನಮ್ಮ ಕಡೆಯವರೇ.

"ಕಾಲ ಗಟ್ಟಿ ಅದಾವ ನಿನ್ನವು. ಕಣ್ಣಷ್ಟ ಕೈಮ್ಯಾಗ. ಬಿಚ್ಚಿ ಕೊಡ ಅದನ್ನ."

"ನಮ್ಮಕ್ಕ ಕಟ್ಟಿದ್ದರೀ ಉಸ್ತಾದ್."

"ನಾ ಏನ್ ನುಂಗೂದಿಲ್ಲೋ. ಗುಡ್ಡದಾಗ ಹೆಜ್ಜಿ ಎಣಸು, ಮಿನಿಟ ಎಣಸಬ್ಯಾಡ."

ಅವರ ಕೈಮೇಲೆ ಕೂತು ಓಟ ಮುಗಿಯುವ ಗೆರೆಯ ಬಳಿ ಕಾದೆ. ನನ್ನ ಮುಳ್ಳಿನ ಪ್ರಕಾರ ಸಮಯ ಮುಗಿದೇ ಹೋಯಿತು. ಆಮೇಲೆ ತಿರುವಿನಲ್ಲಿ ಲಗಮಣ್ಣ ಕಂಡ. ಕುಂಟುತ್ತ, ಬಾಯಲ್ಲಿ ಹೆಜ್ಜೆ ಎಣಿಸುತ್ತ ಬಂದು, ಗೆರೆ ದಾಟಿ ಬಿದ್ದ. ಉಸ್ತಾದರ ಸ್ಟಾಪ್‌ವಾಚಿನಲ್ಲಿ ಇನ್ನೂ ಮೂರು ನಿಮಿಷ ಉಳಿದಿತ್ತು.

ಅವರು ನನ್ನನ್ನೂ ಅದನ್ನೂ ಹಿಡಿದು ನೋಡಿದರು. "ಇದು ಏಳ ಮಿನಿಟ ಮುಂದ ಐತಲ್ಲೋ. ಸರಿ ಮಾಡ್ಲೇನು?"

"ಬ್ಯಾಡ್ರಿ" ಎಂದ ಲಗಮಣ್ಣ, ಮಲಗಿದಲ್ಲಿಂದಲೇ. "ಹಂಗ ಇರ್ಲಿ."

ರಜೆಗೆ ಬಂದಾಗ ತಂಗೆವ್ವ ಕೇಳಿದಳು, "ಎಲ್ಲೂ ತಡಾ ಆಗ್ಲಿಲ್ಲಲ್ಲ?"

"ಇಲ್ಲಕ್ಕಾ. ನಿನ್ನ ಗಡಿಯಾರ ಇತ್ತಲ್ಲ."

ಈಗ ನನ್ನ ಸ್ಪ್ರಿಂಗ್ ಮುರಿದಿದೆ. ಆಕೆಯ ಹೊಲಿಗೆ ಮಷಿನ್ನಿನ ಡ್ರಾದಲ್ಲಿ ಗುಂಡಿಗಳ ನಡುವೆ ಮಲಗಿದ್ದೇನೆ. ಬಂದವರಿಗೆಲ್ಲ ನನ್ನನ್ನು ತೆಗೆದು ತೋರಿಸಿ, "ಇದನ್ನ ಕಟಗೊಂಡ ಓಡಿ ನನ್ನ ತಮ್ಮ ಕಮಾಂಡೋ ಆದ" ಎನ್ನುತ್ತಾಳೆ. ಆ ದಿನ ನಾನು ಅವನ ಕೈಮೇಲೆ ಇರಲಿಲ್ಲ. ಅವನು ಅದನ್ನು ಆಕೆಗೆ ಹೇಳಿಲ್ಲ. ಸುಳ್ಳು ನನಗೂ ಹೊಸದಲ್ಲ, ಸುಮ್ಮನಿದ್ದೇನೆ.